ವೇಷ ಬದಲಿಸದೆ ಪಾತ್ರ ಬದಲಿಸುವ ಪದಗಳು

ಇಂಗ್ಲಿಷ್ ವ್ಯಾಕರಣದ ಮೊದಲ ಪಾಠ ಕರ್ನಾಟಕದ ಶಾಲೆಗಳಲ್ಲಿ ಬಹುಕಾಲದಿಂದ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಸಾಗಿಬಂದಿದೆ. ಮೇಷ್ಟರು ಹಲಗೆಯ ಮೇಲೆ ‘ಪಾರ್ಟ್ಸ್ ಆಫ್ ಸ್ಪೀಚ್’ ಎಂದು ಬರೆದು, ಕೆಳಗೆ ಒಂದರಿಂದ ಎಂಟರವರೆಗೆ ಅಂಕಿ ಹಾಕುತ್ತಾರೆ. ನೌನ್ ಎಂದರೆ ನಾಮಪದ, ವರ್ಬ್ ಎಂದರೆ ಕ್ರಿಯಾಪದ, ಆಡ್ಜೆಕ್ಟಿವ್ ಎಂದರೆ ಗುಣವಾಚಕ, ಆಡ್ವರ್ಬ್ ಎಂದರೆ ಕ್ರಿಯಾವಿಶೇಷಣ ಎಂದು ಪಟ್ಟಿ ಬೆಳೆಯುತ್ತದೆ. ಮಕ್ಕಳು ಅದನ್ನು ಮಗ್ಗಿಯ ಧಾಟಿಯಲ್ಲಿ ಬಾಯಿಪಾಠ ಮಾಡುತ್ತಾರೆ. ಆಮೇಲೆ ಪ್ರಶ್ನೆ ಬರುತ್ತದೆ: ‘ಫಾಸ್ಟ್’ ಎಂಬುದು ಯಾವ ಗುಂಪಿಗೆ ಸೇರಿದ ಪದ?

‘ಫಾಸ್ಟ್ ಟ್ರೇನ್’ ನೆನಪಾದವನು ಗುಣವಾಚಕ ಎನ್ನುತ್ತಾನೆ. ‘ರನ್ ಫಾಸ್ಟ್’ ಎಂದು ಆಟದ ಬಯಲಿನಲ್ಲಿ ಕೇಳಿದವಳು ಕ್ರಿಯಾವಿಶೇಷಣ ಎನ್ನುತ್ತಾಳೆ. ಏಕಾದಶಿಯ ಉಪವಾಸಕ್ಕೂ ‘ಫಾಸ್ಟ್’ ಎನ್ನುತ್ತಾರೆಂದು ತಿಳಿದವನು ನಾಮಪದ ಎನ್ನುತ್ತಾನೆ. ‘ಮೈ ಮದರ್ ಫಾಸ್ಟ್ಸ್ ಆನ್ ಮಂಡೇಸ್’ ಎಂದು ಬರೆದವಳಿಗೆ ಅದು ಕ್ರಿಯಾಪದ. ನಾಲ್ವರೂ ಸರಿ. ತಪ್ಪಿರುವುದು ಪ್ರಶ್ನೆಯಲ್ಲಿ. ವಾಕ್ಯವನ್ನೇ ಕೊಡದೆ ಒಂಟಿ ಪದವನ್ನು ಮುಂದಿಟ್ಟು ಜಾತಿ ಕೇಳಿದರೆ ಇಂಗ್ಲಿಷಿನ ಬಹಳಷ್ಟು ಪದಗಳಿಗೆ ಉತ್ತರವೇ ಇಲ್ಲ.

ಇದು ವ್ಯಾಕರಣ ಪಂಡಿತರ ಒಣ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನ ಮುಂದೆ ಕೈಕಾಲು ನಡುಗುವ ಲಕ್ಷಾಂತರ ಮಕ್ಕಳ ಭಯಕ್ಕೆ ಈ ಮೊದಲ ಪಾಠದಲ್ಲೇ ಒಂದು ಬೇರಿದೆ. ಪದಕ್ಕೆ ಒಂದು ಗುಂಪು, ಗುಂಪಿಗೆ ಒಂದು ಲಕ್ಷಣ ಎಂದು ನಂಬಿಸಲಾದ ಹುಡುಗನಿಗೆ, ಮುಂದೆ ಓದುವ ಪ್ರತಿ ಪುಟವೂ ಆ ನಂಬಿಕೆಗೆ ವಿರುದ್ಧವಾಗಿ ಕಾಣುತ್ತದೆ. ದೋಷ ತನ್ನ ಬುದ್ಧಿಯದೇ ಎಂದು ಅವನು ತೀರ್ಮಾನಿಸಿಬಿಡುತ್ತಾನೆ.

ಹಾಗಾದರೆ ಈ ಎಂಟು ಗುಂಪುಗಳು ಬಂದದ್ದಾದರೂ ಎಲ್ಲಿಂದ? ಅವು ಇಂಗ್ಲಿಷನ್ನು ನೋಡಿ ಮಾಡಿದವಲ್ಲ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರ ಗ್ರೀಕ್ ವಿದ್ಯೆಯ ಕೇಂದ್ರವಾಗಿತ್ತು. ಹೋಮರನ ಕಾವ್ಯದ ಹಳೆಯ ಭಾಷೆ ಆಗಿನವರಿಗೇ ಕಠಿಣವಾಗತೊಡಗಿದಾಗ ಪಾಠ ಹೇಳುವವರಿಗೆ ವ್ಯಾಕರಣದ ಅಗತ್ಯ ಬಿತ್ತು. ಆ ಪರಂಪರೆಯಲ್ಲಿ ಬಂದ ಡಯೊನೀಸಿಯಸ್ ಥ್ರಾಕ್ಸನ ಹೆಸರಿನಲ್ಲಿರುವ ಪುಟ್ಟ ಕೈಪಿಡಿ ಗ್ರೀಕ್ ಪದಗಳನ್ನು ಎಂಟು ಬಗೆಯಾಗಿ ವಿಂಗಡಿಸಿತು. ಗುಣವಾಚಕಕ್ಕೆ ಅದರಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ಗ್ರೀಕಿನಲ್ಲಿ ಗುಣವಾಚಕವೂ ನಾಮಪದದ ಹಾಗೆಯೇ ಲಿಂಗ, ವಚನ, ವಿಭಕ್ತಿಗಳ ಪ್ರತ್ಯಯ ತೊಡುವುದರಿಂದ ಅದು ನಾಮಪದದ ಮನೆಯಲ್ಲೇ ಇತ್ತು.

ರೋಮಿನ ವ್ಯಾಕರಣಕಾರರು ಈ ಪಟ್ಟಿಯನ್ನು ಲ್ಯಾಟಿನ್ನಿಗೆ ತಂದುಕೊಂಡರು. ಅಲ್ಲೊಂದು ತೊಡಕು ಬಂತು. ಗ್ರೀಕಿನಲ್ಲಿದ್ದ ‘ಆರ್ಟಿಕಲ್’, ಅಂದರೆ ಇಂಗ್ಲಿಷಿನ ‘ದಿ’ಯಂಥ ಪದ, ಲ್ಯಾಟಿನ್ನಿನಲ್ಲಿ ಇಲ್ಲ. ಎಂಟರಲ್ಲಿ ಒಂದು ಕಡಿಮೆಯಾಯಿತು. ಗುರುಗಳು ಕೊಟ್ಟ ಸಂಖ್ಯೆ ಕೆಡಬಾರದಲ್ಲ! ‘ಅಯ್ಯೋ’, ‘ಆಹಾ’ಗಳಂಥ ಉದ್ಗಾರಗಳನ್ನು ಬೇರೆ ತೆಗೆದು ಎಂಟನೆಯ ಮಣೆಯ ಮೇಲೆ ಕೂರಿಸಿದರು. ನಾಲ್ಕನೆಯ ಶತಮಾನದ ಡೊನೇಟಸ್, ಕ್ರಿ.ಶ. 500ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪಾಠ ಹೇಳುತ್ತಿದ್ದ ಪ್ರಿಸ್ಕಿಯನ್, ಇವರಿಬ್ಬರ ಪುಸ್ತಕಗಳು ಸಾವಿರ ವರ್ಷ ಯೂರೋಪಿನ ಹುಡುಗರ ಬೆನ್ನ ಮೇಲೆ ಬೆತ್ತದ ಬರೆಗಳೊಂದಿಗೆ ಇಳಿದವು. 1586ರಲ್ಲಿ ವಿಲಿಯಂ ಬುಲೊಕಾರ್ ಇಂಗ್ಲಿಷಿಗೆ ಮೊತ್ತಮೊದಲ ವ್ಯಾಕರಣ ಬರೆದಾಗ ಆತನ ಮುಂದಿದ್ದದ್ದೂ ಈ ಲ್ಯಾಟಿನ್ ಅಚ್ಚೇ. ಇಂಗ್ಲಿಷಿಗೂ ವ್ಯಾಕರಣದ ಶಿಸ್ತಿದೆ ಎಂದು ಸಾಧಿಸುವುದು ಅವನ ಹಟ. ಹಾಗೆ ಸಾಧಿಸಲು ಲ್ಯಾಟಿನ್ನಿನ ಅಂಗಿ ತೊಡಿಸುವುದೊಂದೇ ಅವನಿಗೆ ಕಂಡ ದಾರಿ. 1795ರಲ್ಲಿ ಪ್ರಕಟವಾಗಿ ಇಂಗ್ಲೆಂಡ್ ಅಮೆರಿಕಗಳ ಶಾಲೆಗಳನ್ನು ಆಳಿದ ಲಿಂಡ್ಲಿ ಮರೆಯ ವ್ಯಾಕರಣದಲ್ಲಿ ಗುಂಪುಗಳು ಒಂಬತ್ತು. ಗುಣವಾಚಕ ಅಷ್ಟು ಹೊತ್ತಿಗೆ ಬೇರೆ ಮನೆ ಮಾಡಿತ್ತು, ಆರ್ಟಿಕಲ್ ಮರಳಿ ಬಂದಿತ್ತು. ಕರ್ನಾಟಕದ ಮಗು ಇಂದು ಪಠಿಸುವ ಪಟ್ಟಿ ಹೀಗೆ ಗ್ರೀಸಿನಿಂದ ಹೊರಟು, ರೋಮಿನಲ್ಲಿ ತಂಗಿ, ಲಂಡನ್ನಿನ ಹಡಗು ಹತ್ತಿ ಬಂದದ್ದು.

ಭಾರತದ ಪ್ರಾಚೀನರು ಈ ಕೆಲಸವನ್ನು ಬೇರೆ ರೀತಿ ಮಾಡಿದ್ದರು. ಯಾಸ್ಕನ ನಿರುಕ್ತದಲ್ಲಿ ಪದಗಳು ನಾಲ್ಕೇ ಬಗೆ: ನಾಮ, ಆಖ್ಯಾತ, ಉಪಸರ್ಗ, ನಿಪಾತ. ಪಾಣಿನಿ ಇನ್ನೂ ಬಿಗಿ. ನಾಮದ ಪ್ರತ್ಯಯ ಅಂಟಿದ್ದು ಒಂದು, ಕ್ರಿಯೆಯ ಪ್ರತ್ಯಯ ಅಂಟಿದ್ದು ಇನ್ನೊಂದು, ಪದವೆಂದರೆ ಇಷ್ಟೇ. ಹದಿಮೂರನೆಯ ಶತಮಾನದ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ನಾಮ, ಆಖ್ಯಾತ, ಅವ್ಯಯಗಳಿಗೆ ಬೇರೆ ಬೇರೆ ಪ್ರಕರಣ ಬರೆದಿದ್ದಾನೆ. ಪಾಣಿನಿಯ ಮಾತಿನಲ್ಲಿ ಒಂದು ಪ್ರಾಮಾಣಿಕತೆಯಿದೆ. ಪದ ಏನು ಹೆಸರಿಸುತ್ತದೆ ಎಂದು ಅವನು ತಲೆ ಕೆಡಿಸಿಕೊಳ್ಳುವುದಿಲ್ಲ. ಅದರ ಬಾಲದಲ್ಲಿ ಏನು ಅಂಟಿದೆ ಎಂದು ನೋಡುತ್ತಾನೆ. ಗ್ರೀಕ್, ಲ್ಯಾಟಿನ್, ಸಂಸ್ಕೃತ, ಕನ್ನಡ ಎಲ್ಲವೂ ಬಾಲವಿರುವ ಭಾಷೆಗಳು. ಅವುಗಳಲ್ಲಿ ಪದ ತನ್ನ ಗುರುತಿನ ಚೀಟಿಯನ್ನು ಕೊರಳಿಗೆ ಕಟ್ಟಿಕೊಂಡೇ ವಾಕ್ಯದೊಳಗೆ ಬರುತ್ತದೆ.

ಇಂಗ್ಲಿಷಿಗೂ ಒಂದು ಕಾಲಕ್ಕೆ ಬಾಲವಿತ್ತು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಪ್ರೀತಿಗೆ ‘ಲುವು’, ಪ್ರೀತಿಸುವುದಕ್ಕೆ ‘ಲುವಿಯನ್’. ಉತ್ತರಕ್ಕೆ ‘ಆಂಡ್‌ಸ್ವರು’, ಉತ್ತರಿಸುವುದಕ್ಕೆ ‘ಆಂಡ್‌ಸ್ವರಿಯನ್’. ನಿದ್ರೆಗೆ ‘ಸ್ಲೇಪ್’, ನಿದ್ರಿಸುವುದಕ್ಕೆ ‘ಸ್ಲೇಪನ್’. ಯಾವುದು ನಾಮ, ಯಾವುದು ಕ್ರಿಯೆ ಎಂದು ಕಿವಿಗೇ ತಿಳಿಯುತ್ತಿತ್ತು. ಪದಗಳ ಕೊನೆಯಲ್ಲಿ ವಿಭಕ್ತಿ ಪ್ರತ್ಯಯಗಳೂ ಇದ್ದುದರಿಂದ ವಾಕ್ಯದಲ್ಲಿ ಪದಗಳನ್ನು ಹಿಂದುಮುಂದು ಮಾಡಲು ಅವಕಾಶವಿತ್ತು, ಈಗಲೂ ಕನ್ನಡದಲ್ಲಿರುವ ಹಾಗೆ.

ಆ ಪ್ರತ್ಯಯಗಳು ಕ್ರಮೇಣ ಸವೆದುಹೋದವು. ಇಂಗ್ಲಿಷಿನಲ್ಲಿ ಒತ್ತು ಸಾಮಾನ್ಯವಾಗಿ ಪದದ ಮೊದಲ ಭಾಗಕ್ಕೆ ಬೀಳುತ್ತಿದ್ದುದರಿಂದ ಕೊನೆಯ ಸ್ವರಗಳು ಮಸುಕಾಗುತ್ತ ಬಂದವು. ಉತ್ತರ ಇಂಗ್ಲೆಂಡಿನಲ್ಲಿ ನೆಲೆಸಿದ ಡೇನರ ಭಾಷೆಯೂ ಇಂಗ್ಲಿಷೂ ಅಕ್ಕಪಕ್ಕದವು. ಧಾತುಗಳು ಒಂದೇ ಥರ, ಬಾಲಗಳು ಮಾತ್ರ ಬೇರೆ. ಸಂತೆಯಲ್ಲಿ ವ್ಯವಹಾರ ಮಾಡುವವರು ಧಾತುವನ್ನು ಹಿಡಿದು ಬಾಲವನ್ನು ಬಿಟ್ಟಿರಬೇಕೆಂದು ವಿದ್ವಾಂಸರಲ್ಲಿ ಹಲವರ ಊಹೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಗೂ ನ್ಯಾಯಾಲಯಕ್ಕೂ ಫ್ರೆಂಚ್ ಬಂತು. ಇಂಗ್ಲಿಷ್ ಬಹುಕಾಲ ರೈತರ, ಆಳುಗಳ ಬಾಯಲ್ಲಿ ಉಳಿಯಿತು. ಅದನ್ನು ಹಳೆಯ ಬರಹದ ರೂಢಿಗೆ ಕಟ್ಟಿಹಾಕುವವರು ಕಡಿಮೆಯಾದರು. ಹದಿನಾಲ್ಕನೆಯ ಶತಮಾನದಲ್ಲಿ ಅದು ಮತ್ತೆ ದೊಡ್ಡ ಸಾಹಿತ್ಯ ಭಾಷೆಯಾಗಿ ತಲೆಯೆತ್ತುವ ಹೊತ್ತಿಗೆ ಬಾಲಗಳಲ್ಲಿ ಬಹುಪಾಲು ಕಳೆದುಹೋಗಿತ್ತು. ‘ಲುವು’ ಮತ್ತು ‘ಲುವಿಯನ್’ ಎರಡೂ ಸವೆದು ಕೊನೆಗೆ ಒಂದೇ ‘ಲವ್’ ಆದವು.

ಗುರುತಿನ ಚೀಟಿ ಹೋದ ಮೇಲೆ ಗುರುತಿಸುವುದು ಹೇಗೆ? ಕೂತ ಜಾಗದಿಂದ. ‘ರಾಮ ರಾವಣನನ್ನು ಕೊಂದ’ ಎಂದರೂ, ‘ರಾವಣನನ್ನು ರಾಮ ಕೊಂದ’ ಎಂದರೂ ಕನ್ನಡದಲ್ಲಿ ಸತ್ತವನು ರಾವಣನೇ. ‘ಅನ್ನು’ ಎಂಬ ಬಾಲ ಅವನನ್ನು ಎಲ್ಲಿ ಅಡಗಿದ್ದರೂ ಹಿಡಿದುಕೊಡುತ್ತದೆ. ‘ರಾಮ ಕಿಲ್ಡ್ ರಾವಣ’ ಎಂಬ ಇಂಗ್ಲಿಷ್ ವಾಕ್ಯದಲ್ಲಿ ಹೆಸರುಗಳನ್ನು ಅದಲುಬದಲು ಮಾಡಿದರೆ ರಾಮಾಯಣವೇ ತಲೆಕೆಳಗು. ಹಾಗೆಯೇ, ‘ದಿ’ ಆದ ಮೇಲೆ ‘ಆನ್ಸರ್’ ಬಂದರೆ ಅದು ಉತ್ತರ. ‘ಷಿ ವಿಲ್’ ಆದ ಮೇಲೆ ಬಂದರೆ ಅದೇ ‘ಉತ್ತರಿಸು’. ಯಕ್ಷಗಾನದ ಕಲಾವಿದ ಪಾತ್ರ ಬದಲಿಸಬೇಕಾದರೆ ಚೌಕಿಗೆ ಹೋಗಿ ಕಿರೀಟ ಬಿಚ್ಚಬೇಕು, ಬಣ್ಣ ಅಳಿಸಬೇಕು. ಇಂಗ್ಲಿಷ್ ಪದಕ್ಕೆ ಆ ಕಷ್ಟವಿಲ್ಲ. ಉಟ್ಟ ಬಟ್ಟೆಯಲ್ಲೇ ಈ ಕುರ್ಚಿಯಿಂದ ಎದ್ದು ಆ ಕುರ್ಚಿಯಲ್ಲಿ ಕೂತರೆ ಪಾತ್ರ ಬದಲಾಯಿತು.

‘ಫಾಸ್ಟ್’ನ ಕಥೆಯನ್ನು ಇಲ್ಲೇ ಮುಗಿಸಬಹುದು. ಅದರ ಮೂಲಾರ್ಥ ‘ಗಟ್ಟಿ’, ‘ಬಿಗಿ’. ಸೀರೆ ಅಂಗಡಿಯಲ್ಲಿ ‘ಕಲರ್ ಫಾಸ್ಟ್ ಇದೆ, ಹೋಗಲ್ಲ’ ಎನ್ನುವಾಗ ಉಳಿದಿರುವುದು ಆ ಹಳೆಯ ಅರ್ಥವೇ. ವ್ರತವನ್ನು ಬಿಗಿಯಾಗಿ ಹಿಡಿಯುವುದರಿಂದ ಉಪವಾಸ ಬಂತು. ಬಿಗಿಯಾಗಿ, ಜೋರಾಗಿ ಓಡುವುದರಿಂದ ವೇಗ ಬಂತು. ಒಂದು ಪದ ಅಲುಗಾಡದೆ ನಿಲ್ಲುವುದಕ್ಕೂ ಸರ್ರನೆ ಓಡುವುದಕ್ಕೂ ಸಲ್ಲುವುದು ವಿಚಿತ್ರವಾದರೂ ನಿಜ.

ಬಾಲ ಕಳೆದುಕೊಂಡದ್ದು ಇಂಗ್ಲಿಷಿಗೆ ನಷ್ಟವೆನಿಸಬಹುದು. ಅದರ ಬರಹಗಾರರು ಅದನ್ನು ಲಾಭ ಮಾಡಿಕೊಂಡರು. ಷೇಕ್ಸ್‌ಪಿಯರನ ‘ಎರಡನೆಯ ರಿಚರ್ಡ್’ ನಾಟಕದಲ್ಲಿ ದೇಶಭ್ರಷ್ಟನಾಗಿದ್ದ ಬೋಲಿಂಗ್‌ಬ್ರೋಕ್ ಸೈನ್ಯದೊಂದಿಗೆ ಮರಳಿ ಬಂದು, ಚಿಕ್ಕಪ್ಪನಾದ ಯಾರ್ಕಿನ ಡ್ಯೂಕನ ಮುಂದೆ ಮಂಡಿಯೂರಿ ಅಂಕಲ್ ಎಂದು ನಯವಾಗಿ ಕರೆಯುತ್ತಾನೆ. ಮುದುಕ ಸಿಡಿಯುತ್ತಾನೆ. ಆ ಸಿಡುಕಿನಲ್ಲಿ ‘ಅಂಕಲ್’ ಎಂಬ ನಾಮಪದವೇ ಕ್ರಿಯಾಪದವಾಗಿಬಿಡುತ್ತದೆ. ‘ನನಗೆ ಅಂಕಲ್‌ಗಿಂಕಲ್ ಎನ್ನಬೇಡ’ ಎಂಬಂಥ ಧ್ವನಿ ಅದು. ನಾಟಕ ನೋಡಲು ಬಂದ ಜನರಿಗೆ ಇದು ಅರ್ಥವಾಗಲು ಯಾವ ನಿಘಂಟೂ ಬೇಕಾಗಲಿಲ್ಲ.

ಎಲ್ಲರೂ ಇದನ್ನು ಮೆಚ್ಚಲಿಲ್ಲ. 1789ರ ಡಿಸೆಂಬರಿನಲ್ಲಿ, ಸಾಯಲು ಕೆಲವೇ ತಿಂಗಳಿದ್ದಾಗ, ಬೆಂಜಮಿನ್ ಫ್ರಾಂಕ್ಲಿನ್ ನಿಘಂಟುಕಾರ ನೋವಾ ವೆಬ್‌ಸ್ಟರನಿಗೆ ಒಂದು ಕಾಗದ ಬರೆದ. ತಾನು ಫ್ರಾನ್ಸಿನಲ್ಲಿದ್ದ ಕಾಲದಲ್ಲಿ ಅಮೆರಿಕದ ಜನ ‘ನೋಟಿಸ್’, ‘ಅಡ್ವೊಕೇಟ್’, ‘ಪ್ರೋಗ್ರೆಸ್’ ಎಂಬ ನಾಮಪದಗಳನ್ನು ಕ್ರಿಯಾಪದ ಮಾಡಿಕೊಂಡು ಭಾಷೆ ಕೆಡಿಸಿದ್ದಾರೆ, ಇದನ್ನು ನೀವು ಖಂಡಿಸಬೇಕು ಎಂಬುದು ಮುದುಕನ ಅಳಲು. ಮಿಂಚನ್ನು ಹಿಡಿದು ಇಳಿಸಿದವನಿಗೂ ಭಾಷೆಯನ್ನು ಹಿಡಿದು ನಿಲ್ಲಿಸಲಾಗಲಿಲ್ಲ. ಆ ಮೂರೂ ಇಂದು ಸಭ್ಯ ಇಂಗ್ಲಿಷೇ. ‘ಪ್ರೋಗ್ರೆಸ್’ ಅನ್ನಂತೂ ಷೇಕ್ಸ್‌ಪಿಯರನೇ ಅವನಿಗಿಂತ ಎರಡು ಶತಮಾನ ಮೊದಲು ಕ್ರಿಯಾಪದವಾಗಿ ಬಳಸಿದ್ದ. ಈ ಜಗಳ ಇನ್ನೂ ಮುಗಿದಿಲ್ಲ. 2006ರಲ್ಲಿ ‘ಗೂಗಲ್’ ಎಂಬುದು ಕ್ರಿಯಾಪದವಾಗಿ ದೊಡ್ಡ ನಿಘಂಟುಗಳನ್ನು ಸೇರಿದಾಗ ಸಂತೋಷಪಡಬೇಕಾದ ಕಂಪನಿಯೇ ಮುಜುಗರಪಟ್ಟಿತು. ತಮ್ಮ ಯಂತ್ರದಲ್ಲಿ ಹುಡುಕಿದಾಗ ಮಾತ್ರ ಆ ಪದ ಬಳಸಿ ಎಂದು ಅದು ಜನರನ್ನು ಕೇಳಿಕೊಂಡಿತು.

ತಲೆಯಿಂದ ಕಾಲ್ಬೆರಳವರೆಗೆ ದೇಹದ ಅಂಗಗಳನ್ನೇ ತೆಗೆದುಕೊಳ್ಳಿ. ‘ಹೆಡ್’ ಎಂದರೆ ತಲೆ, ಕ್ರಿಯಾಪದವಾದರೆ ಮುಂದಾಳಾಗುವುದು. ‘ಫೇಸ್’ ಎದುರಿಸುವುದು, ‘ಐ’ ಕಣ್ಣಿಡುವುದು, ‘ಷೋಲ್ಡರ್’ ಹೊರುವುದು, ‘ಎಲ್ಬೊ’ ಮೊಣಕೈಯಿಂದ ತಳ್ಳುವುದು, ‘ಬ್ಯಾಕ್’ ಬೆಂಬಲಿಸುವುದು, ‘ಸ್ಟಮಕ್’ ಸಹಿಸಿಕೊಳ್ಳುವುದು, ‘ಫುಟ್’ ಬಿಲ್ಲು ತೆರುವುದು. ಕನ್ನಡವೂ ಅಂಗಾಂಗಗಳಿಂದ ಕ್ರಿಯೆಗಳನ್ನು ಹುಟ್ಟಿಸುತ್ತದೆ, ಆದರೆ ಒಂಟಿಯಾಗಿ ಕಳಿಸುವುದಿಲ್ಲ, ಜೊತೆಗೊಂದು ಕ್ರಿಯಾಪದವನ್ನು ಕೊಟ್ಟು ಕಳಿಸುತ್ತದೆ. ಹೆಗಲು ಕೊಡು, ಮೂಗು ತೂರಿಸು, ಕಣ್ಣು ಹಾಕು, ಬೆನ್ನು ತಟ್ಟು. ಇಂಗ್ಲಿಷಿನ ‘ಹ್ಯಾಂಡ್’ ಕ್ರಿಯಾಪದವಾದಾಗ ಮುಖ್ಯವಾಗಿ ಒಂದೇ ಕೆಲಸ, ಏನನ್ನಾದರೂ ಕೈಗೆ ಕೊಡುವುದು. ಕನ್ನಡದ ಕೈ ಎಷ್ಟು ಕೆಲಸ ಮಾಡುತ್ತದೆ! ಕೈಹಾಕಿದರೆ ಆರಂಭ, ಕೈಹಿಡಿದರೆ ಮದುವೆ ಅಥವಾ ಆಸರೆ, ಕೈಬಿಟ್ಟರೆ ಪರಿತ್ಯಾಗ, ಕೈಮುಗಿದರೆ ನಮಸ್ಕಾರ, ಕೈಕೊಟ್ಟರೆ ಮೋಸ. ಈ ಮೋಸಕ್ಕೆ ಕಾಲೇಜು ಹುಡುಗರು ‘ಹ್ಯಾಂಡ್ ಕೊಟ್ಟ’ ಎಂದು ಅರ್ಧ ಇಂಗ್ಲಿಷನ್ನೂ ಸೇರಿಸಿದ್ದಾರೆ. ಲಂಡನ್ನಿನವನಿಗೆ ಅದು ತಿಳಿಯದು.

ಜೊತೆಗಾರ ಪದವಿಲ್ಲದೆ ಹೊರಟಾಗ ಆಗುವ ತೊಂದರೆಗೂ ಉದಾಹರಣೆಯಿದೆ. ‘ಡಸ್ಟ್’ ಎಂದರೆ ಧೂಳು. ಮೇಜನ್ನು ‘ಡಸ್ಟ್’ ಮಾಡಿದರೆ ಧೂಳು ಹೋಯಿತು. ಕೇಕನ್ನು ಸಕ್ಕರೆ ಪುಡಿಯಿಂದ ‘ಡಸ್ಟ್’ ಮಾಡಿದರೆ ಪುಡಿ ಮೇಲೆ ಬಿತ್ತು. ‘ಸೀಡ್’ ಎಂದರೆ ಬೀಜ. ಹೊಲಕ್ಕಾದರೆ ಬೀಜ ಬಿತ್ತುವುದು, ಒಣದ್ರಾಕ್ಷಿಗಾದರೆ ಬೀಜ ತೆಗೆಯುವುದು. ಹಾಕು ಮತ್ತು ತೆಗೆ ಎಂಬ ವಿರುದ್ಧ ಕ್ರಿಯೆಗಳೆರಡೂ ಒಂದೇ ಪದದಲ್ಲಿ! ಕನ್ನಡ ಇಲ್ಲಿ ಮುಲಾಜಿಲ್ಲದೆ ಒರೆಸು, ಉದುರಿಸು, ಬಿತ್ತು, ಬಿಡಿಸು ಎಂದು ಬಿಡಿಸಿ ಹೇಳುತ್ತದೆ.

ಇಷ್ಟು ಹೇಳಿದ ಮೇಲೆ ಇಂಗ್ಲಿಷ್ ಪದಗಳಿಗೆ ಬಾಲವೇ ಇಲ್ಲವೆಂದು ಭಾವಿಸಿದರೆ ಅದೂ ಪ್ರಮಾದ. ನಾರ್ಮನ್ನರೊಂದಿಗೆ ಫ್ರೆಂಚಿನಿಂದ, ಆಮೇಲೆ ವಿದ್ವಾಂಸರ ಮೂಲಕ ಲ್ಯಾಟಿನ್ನಿನಿಂದ ಬಂದ ಸಾವಿರಾರು ಪದಗಳು ತಮ್ಮ ಬಾಲಗಳನ್ನು ಜೊತೆಗೇ ತಂದವು. ‘-ಮೆಂಟ್’, ‘-ಷನ್’, ‘-ಇಟಿ’ ಇದ್ದರೆ ಸಾಮಾನ್ಯವಾಗಿ ನಾಮಪದ. ‘-ಅಸ್’, ‘-ಇವ್’, ‘-ಅಲ್’ ಇದ್ದರೆ ಬಹುಮಟ್ಟಿಗೆ ಗುಣವಾಚಕ. ‘-ಐಸ್’, ‘-ಫೈ’ ಇದ್ದರೆ ಕ್ರಿಯಾಪದ. ಆದ್ದರಿಂದ ಇಂಗ್ಲಿಷಿನೊಳಗೆ ಎರಡು ಕುಲಗಳಿವೆ. ‘ಲವ್’, ‘ಸ್ಲೀಪ್’, ‘ಡ್ರಿಂಕ್’, ‘ವಾಟರ್’ಗಳಂಥ ಮನೆಮಾತಿನ ಪದಗಳು ಬರಿಮೈಯವು. ‘ಸಕ್ಸೀಡ್, ಸಕ್ಸೆಸ್, ಸಕ್ಸೆಸ್‌ಫುಲ್, ಸಕ್ಸೆಸ್‌ಫುಲಿ’ ಎಂದು ನಾಲ್ಕು ಕಾಲಮಿನ ಕೋಷ್ಟಕ ಬೇಡುವುದು ಹೊರಗಿನಿಂದ ಬಂದ ಕುಲ. ಎಸ್ಸೆಸ್ಸೆಲ್ಸಿ ಗೈಡುಗಳಲ್ಲಿ ಕಾಣುವ ಇಂಥ ಕೋಷ್ಟಕ ಎರಡನೆಯ ಕುಲಕ್ಕೆ ಉಪಯುಕ್ತ. ಮೊದಲನೆಯದಕ್ಕೂ ಅದನ್ನೇ ಹೇರಿದಾಗ ಗೊಂದಲ.

ಫ್ರೆಂಚಿನ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ನಾಮಪದವಾಗಿ ನೆಲೆಸಿದ್ದೂ ಉಂಟು. ‘ಡಿನ್ನರ್’ ಮೂಲದಲ್ಲಿ ಊಟ ಮಾಡುವ ಕ್ರಿಯೆ. ಲೋಕೋಪಯೋಗಿ ಇಲಾಖೆಯವರು ಕರೆಯುವ ‘ಟೆಂಡರ್’ ಮೂಲದಲ್ಲಿ ‘ಮುಂದೆ ಚಾಚು’ ಎಂಬ ಫ್ರೆಂಚ್ ಕ್ರಿಯಾಪದ. ನ್ಯಾಯಾಲಯದ ಕಾಗದಗಳಲ್ಲಿ ಕೂತು ಕೂತು ನಾಮಪದವಾಯಿತು. ಇದರ ವಿರುದ್ಧ ದಿಕ್ಕಿನ ಪಯಣವೂ ಇದೆ. ‘ಎಡಿಟರ್’ ಎಂಬ ಪದ ಮೊದಲು ಬಂತು. ‘ಎಡಿಟ್’ ಎಂಬ ಕ್ರಿಯಾಪದವನ್ನು ಅದರ ಬಾಲ ಕತ್ತರಿಸಿ ಆಮೇಲೆ ಮಾಡಿಕೊಂಡರು.

ಇನ್ನು ‘-ಲಿ’ ಎಂಬ ಬಾಲ. ‘ಸ್ಲೋಲಿ’, ‘ಕ್ವಿಕ್ಲಿ’ ಎಂದು ಕ್ರಿಯಾವಿಶೇಷಣ ಮಾಡುವ ಇದು ಇಂಗ್ಲಿಷಿನ ಸ್ವಂತ ಆಸ್ತಿ. ಇದರ ಹುಟ್ಟು ‘ಲೀಕ್’ ಎಂಬ ಹಳೆಯ ಪದದಲ್ಲಿ, ಅದರ ಅರ್ಥ ದೇಹ. ‘ಫ್ರೆಂಡ್ಲಿ’ ಎಂದರೆ ಸ್ನೇಹಿತನ ಮೈಯುಳ್ಳದ್ದು, ಸ್ನೇಹಿತನಂಥದ್ದು. ‘ಲಿ’ ಇದ್ದೂ ‘ಫ್ರೆಂಡ್ಲಿ’, ‘ಕವರ್ಡ್ಲಿ’ಗಳು ಗುಣವಾಚಕವಾಗಿ ಉಳಿದು ವಿದ್ಯಾರ್ಥಿಗಳನ್ನು ಎಡವಿಸುವುದು ಇದೇ ಕಾರಣಕ್ಕೆ. ಫ್ರೆಂಚರು ಇದೇ ಕೆಲಸಕ್ಕೆ ‘-ಮಾಂ’ ಎಂಬ ಬಾಲ ಬಳಸುತ್ತಾರೆ. ಅದು ಬಂದದ್ದು ಲ್ಯಾಟಿನ್ನಿನ ‘ಮನಸ್ಸು’ ಎಂಬರ್ಥದ ಪದದಿಂದ. ಕನ್ನಡದ ‘ನಿಧಾನವಾಗಿ’, ‘ಚೆನ್ನಾಗಿ’ಗಳಲ್ಲಿರುವ ‘ಆಗಿ’ ಎಂಬುದು ‘ಆಗು’ ಎಂಬ ಧಾತುವಿನ ರೂಪ. ಒಂದೇ ವ್ಯಾಕರಣ ಕಾರ್ಯಕ್ಕೆ ಇಂಗ್ಲಿಷರು ಮೈಯನ್ನೂ ಫ್ರೆಂಚರು ಮನಸ್ಸನ್ನೂ ಕನ್ನಡಿಗರು ಆಗುವಿಕೆಯನ್ನೂ ಹಿಡಿದರು.

ಮೈ ಬರಿದಾದ ಪದಗಳನ್ನು ದನಿಯಿಂದ ಬೇರ್ಪಡಿಸುವ ಪ್ರಯತ್ನವೂ ನಡೆದಿದೆ. ‘ರೆಕಾರ್ಡ್’ ಎಂಬಲ್ಲಿ ಒತ್ತು ಮುಂದೆ ಬಿದ್ದರೆ ದಾಖಲೆ, ಹಿಂದೆ ಬಿದ್ದರೆ ದಾಖಲಿಸುವುದು. 1570ರಲ್ಲಿ ಅಚ್ಚಾದ ಪೀಟರ್ ಲೆವಿನ್ಸನ ಪ್ರಾಸ ನಿಘಂಟಿನಲ್ಲಿ ಹೀಗೆ ಒತ್ತು ಬದಲಿಸುವ ಜೋಡಿಗಳು ಮೂರೇ ಮೂರು ಎಂದು ಇಪ್ಪತ್ತನೆಯ ಶತಮಾನದ ಭಾಷಾವಿಜ್ಞಾನಿಗಳು ಲೆಕ್ಕ ಹಾಕಿದರು, ‘ರೆಕಾರ್ಡ್’ ಅವುಗಳಲ್ಲೊಂದು. 1934ರ ನಿಘಂಟಿಗೆ ಬರುವಾಗ ಸುಮಾರು 150. ‘ಯೂಸ್’ ಪದದ ಕೊನೆಯ ದನಿ ನಾಮಪದದಲ್ಲಿ ಸ್ಪಷ್ಟ ‘ಸ್’, ಕ್ರಿಯಾಪದದಲ್ಲಿ ಜೇನುಹುಳುವಿನ ಝೇಂಕಾರದಂಥ ‘ಜ಼್’. ‘ಅಡ್ವೈಸ್’ನಲ್ಲಿ ಇದೇ ಭೇದವನ್ನು ಬರಹದಲ್ಲೂ ತೋರಿಸುತ್ತಾರೆ: ನಾಮಪದಕ್ಕೆ ಸಿ ಅಕ್ಷರ, ಕ್ರಿಯಾಪದಕ್ಕೆ ಎಸ್ ಅಕ್ಷರ. ಆ ಝೇಂಕಾರದ ದನಿ ಕನ್ನಡದ ಮೂಲ ವರ್ಣಮಾಲೆಯಲ್ಲಿ ಇಲ್ಲ. ಆದ್ದರಿಂದ ಕನ್ನಡಿಗರ ಕಿವಿಗೆ ಎರಡೂ ಒಂದೇ ಆಗಿ, ಕೈಬರಹದಲ್ಲಿ ತಪ್ಪು ನುಸುಳುತ್ತದೆ. ಇದಕ್ಕೆ ಹುಡುಗರನ್ನು ಗದರಿಸುವ ಬದಲು ದನಿಯ ಭೇದವನ್ನು ಕೇಳಿಸಿದರೆ ಸಾಕು.

ಕನ್ನಡದ ಮಕ್ಕಳಿಗೆ ಈ ಪಾತ್ರ ಬದಲಾವಣೆ ಅಪರಿಚಿತವೇನಲ್ಲ ಎಂಬುದು ಗಮನಿಸಬೇಕಾದ ಮುಖ್ಯ ಸಂಗತಿ. ‘ಒಂದು ಹಾಡು ಹಾಡು’ ಎಂದು ಅತ್ತೆಯೋ ಚಿಕ್ಕಮ್ಮನೋ ಹೇಳಿದಾಗ ಮೂರು ವರ್ಷದ ಮಗುವೂ ತಬ್ಬಿಬ್ಬಾಗುವುದಿಲ್ಲ. ಮೊದಲ ‘ಹಾಡು’ ನಾಮ, ಎರಡನೆಯದು ಕ್ರಿಯೆ. ನಗು, ಅಳು, ಓದು, ನಡೆ, ನುಡಿ, ಬೆಳೆ ಇವೆಲ್ಲ ಇಂಥವೇ. ಬೆಳೆ ಬೆಳೆಯುತ್ತದೆ, ನುಡಿ ನುಡಿಯುತ್ತಾರೆ. ವ್ಯತ್ಯಾಸ ಇಷ್ಟು: ವಾಕ್ಯದೊಳಗೆ ಹೋದೊಡನೆ ಕನ್ನಡ ಪದ ‘ಹಾಡನ್ನು’, ‘ಹಾಡಿದಳು’ ಎಂದು ಬಾಲ ತೊಟ್ಟುಕೊಳ್ಳುತ್ತದೆ, ಇಂಗ್ಲಿಷಿನಲ್ಲಿ ಆ ಕೆಲಸದ ಬಹುಪಾಲು ಜಾಗದ್ದು. ‘ನೌನ್ ಈಸ್ ಎ ನೇಮಿಂಗ್ ವರ್ಡ್’ ಎಂಬ ಬಾಯಿಪಾಠಕ್ಕೆ ಮೊದಲು ‘ಹಾಡು ಹಾಡು’ ಎಂಬುದರಿಂದ ಪಾಠ ಆರಂಭಿಸಿದರೆ ಅರ್ಧ ಭಯ ಅಲ್ಲೇ ಕರಗೀತು.

ಇಂಗ್ಲಿಷ್ ಪದ ಕನ್ನಡದ ಹೊಸ್ತಿಲು ದಾಟಿ ಒಳಗೆ ಬರುವಾಗ ನಡೆಯುವುದು ಇನ್ನೊಂದು ಕಥೆ. ಸಂಸ್ಕೃತದಿಂದ ಬಂದ ಪದಗಳಿಗೆ ಕನ್ನಡ ‘ಇಸು’ ಅಂಟಿಸಿ ಪ್ರೀತಿಸು, ಚಿಂತಿಸು ಎಂದು ತನ್ನ ಕ್ರಿಯಾಪದ ಮಾಡಿಕೊಂಡಿತು. ಅರಬ್ಬಿ ಮೂಲದ ‘ಬದಲ್’ ಕೂಡ ಬದಲಾಯಿಸು ಆಯಿತು. ಇಂಗ್ಲಿಷ್ ಪದಗಳಿಗೆ ಈ ದೀಕ್ಷೆ ಸಿಕ್ಕಿದ್ದು ಅಪರೂಪ. ಅಲ್ಲಿ ಅದು ಕ್ರಿಯಾಪದವೇ ಆಗಿರಲಿ, ಇಲ್ಲಿ ಬಂದೊಡನೆ ‘ಮಾಡು’, ‘ಆಗು’ಗಳ ಹೆಗಲ ಮೇಲೆ ಕೂರಬೇಕು. ಫೋನ್ ಮಾಡು, ಗೂಗಲ್ ಮಾಡು, ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’, ಪರೀಕ್ಷೆಯಲ್ಲಿ ಪಾಸಾದ, ಫೇಲಾದ, ಸಿನಿಮಾ ನೋಡಿ ಬೋರಾಯಿತು. ಕನ್ನಡದ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಏರ್ಪಾಡು. ಯಾವ ಹೊರಗಿನ ಪದ ಬಂದರೂ ಕಾಲ, ಲಿಂಗ, ವಚನಗಳ ಜವಾಬ್ದಾರಿ ಕನ್ನಡದ ಧಾತುವಿನ ಕೈಯಲ್ಲೇ ಇರುತ್ತದೆ. ಇಂಗ್ಲಿಷ್ ಬರೆಯಲು ಕೂತಾಗ ಮಾತ್ರ ಇದು ಕಾಲೆಳೆಯುತ್ತದೆ. ‘ಅವನು ಸಕ್ಸೆಸ್ ಆದ’ ಎಂದು ಮನಸ್ಸಿನಲ್ಲಿದ್ದುದು ‘ಹಿ ಬಿಕೇಮ್ ಸಕ್ಸೆಸ್’ ಎಂದು ಕಾಗದದ ಮೇಲೆ ಇಳಿಯುತ್ತದೆ. ಇಂಗ್ಲಿಷ್ ಕೇಳುವುದು ಅಲ್ಲಿ ‘ಸಕ್ಸೀಡ್’ ಎಂಬ ಕ್ರಿಯಾಪದವನ್ನೋ ‘ಸಕ್ಸೆಸ್‌ಫುಲ್’ ಎಂಬ ಗುಣವಾಚಕವನ್ನೋ. ತಿದ್ದುವವರು ಕೆಂಪು ಗೆರೆ ಎಳೆಯುತ್ತಾರೆ. ಆ ತಪ್ಪಿನ ಹಿಂದೆ ಕನ್ನಡದ ಒಂದು ಸುಸಂಬದ್ಧ ನಿಯಮ ಕೆಲಸ ಮಾಡಿದೆ ಎಂದು ಹೇಳುವವರು ಕಡಿಮೆ.

ಹೋಗಿ ಮರಳಿದ ಪದಗಳೂ ಉಂಟು. ಹಿಂದಿಯಲ್ಲಿ ‘ಚಾಂಪೋ’ ಎಂದರೆ ‘ಒತ್ತು, ತಿಕ್ಕು’ ಎಂಬ ಆಜ್ಞೆ. ಅದು ಹದಿನೆಂಟನೆಯ ಶತಮಾನದಲ್ಲಿ ಅಂಗಮರ್ದನದ ಅರ್ಥದಲ್ಲಿ ‘ಷಾಂಪೂ’ ಎಂಬ ಇಂಗ್ಲಿಷ್ ಕ್ರಿಯಾಪದವಾಯಿತು. ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಹಬೆಸ್ನಾನದ ಮನೆ ತೆರೆದು ಈ ಕಲೆಗೆ ಹೆಸರಾದ. ನಾಲ್ಕನೆಯ ಜಾರ್ಜ್ ದೊರೆಗೂ ಅವನದೇ ಸೇವೆ. ಆಮೇಲೆ ಅರ್ಥ ಮೈಯಿಂದ ತಲೆಗೇರಿ ಕೂದಲು ತೊಳೆಯುವುದಾಯಿತು, ತೊಳೆಯುವ ದ್ರವಕ್ಕೇ ಹೆಸರಾಯಿತು. ಕನ್ನಡಕ್ಕೆ ಬರುವಾಗ ಅದು ಶುದ್ಧ ನಾಮಪದ. ಭಾರತದ ಕ್ರಿಯಾಪದವೇ ಆಗಿದ್ದರೂ ಇಲ್ಲಿ ‘ಶಾಂಪೂ ಹಾಕು’ ಎಂದು ಇನ್ನೊಂದು ಕ್ರಿಯಾಪದದ ಸಹಾಯ ಬೇಡುತ್ತದೆ.

ಗುಂಪನ್ನು ಪದದಲ್ಲಿ ಹುಡುಕದೆ ಜಾಗದಲ್ಲಿ ಹುಡುಕಬೇಕೆಂಬ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಫ್ರೀಸ್ ಪ್ರಮುಖರು. ಜನ ದೂರವಾಣಿಯಲ್ಲಿ ಸಹಜವಾಗಿ ಆಡಿದ ಮಾತುಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿದ ಅವರು 1952ರ ತಮ್ಮ ಪುಸ್ತಕದಲ್ಲಿ ನೌನ್, ವರ್ಬ್ ಎಂಬ ಹೆಸರುಗಳನ್ನೇ ಕೈಬಿಟ್ಟರು. ಒಂದು ಸರಳ ವಾಕ್ಯ ಬರೆದು ಅದರಲ್ಲೊಂದು ಖಾಲಿ ಜಾಗ ಬಿಡುವುದು, ಆ ಜಾಗದಲ್ಲಿ ಕೂರಬಲ್ಲ ಪದಗಳೆಲ್ಲ ಒಂದು ವರ್ಗ ಎನ್ನುವುದು ಅವರ ಕ್ರಮ. ಹೆಸರಿನ ಬದಲು ಬರೀ ಅಂಕಿಗಳನ್ನು ಕೊಟ್ಟದ್ದು ಅತಿಯಾಯಿತೆಂದು ಕಾಣುತ್ತದೆ, ಆ ಅಂಕಿಗಳು ಶಾಲೆಗಳಲ್ಲಿ ಬೇರೂರಲಿಲ್ಲ. ಖಾಲಿ ಜಾಗದ ಉಪಾಯ ಮಾತ್ರ ಉಳಿಯಿತು.

ಕರ್ನಾಟಕಕ್ಕೂ ಈ ಚರ್ಚೆಯಲ್ಲಿ ಒಂದು ಪಾಲಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. ವ್ಯಾಕರಣದ ಹೆಸರುಗಳನ್ನು ಬಾಯಿಪಾಠ ಮಾಡಿಸದೆ, ರೈಲಿನ ವೇಳಾಪಟ್ಟಿ, ಊರಿನ ನಕ್ಷೆಗಳಂಥವನ್ನು ಮುಂದಿಟ್ಟು ಮಕ್ಕಳು ತಲೆ ಓಡಿಸಿ ಬಿಡಿಸಬೇಕಾದ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರು. ಮನಸ್ಸು ಅರ್ಥದಲ್ಲಿ ತೊಡಗಿದಾಗ ವ್ಯಾಕರಣ ತಾನಾಗಿ ಮೈಗೂಡುತ್ತದೆ ಎಂಬುದು ಪ್ರಭು ಅವರ ನಂಬಿಕೆ. ವ್ಯಾಕರಣವನ್ನು ಪೂರ್ತಿ ಬಿಡಬಹುದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದ್ದೇ ಇದೆ. ಪಟ್ಟಿಯ ಬಾಯಿಪಾಠದಿಂದ ಮಾತು ಬರುವುದಿಲ್ಲ ಎಂಬಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. 2007ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದ ಮೇಲೆ ಈ ಪ್ರಶ್ನೆಯ ವ್ಯಾಪ್ತಿ ಹಳ್ಳಿಯ ಆರು ವರ್ಷದ ಕೂಸಿನವರೆಗೂ ಹಬ್ಬಿದೆ.

ಅಂಥ ತರಗತಿಯಲ್ಲಿ ಒಂದು ಬೆಳಗ್ಗೆ ಮಾಡಬಹುದಾದ ಪಾಠಕ್ಕೆ ಹಲಗೆ, ಬಳಪ, ಒಂದು ಬಿಂದಿಗೆ ನೀರು ಇದ್ದರೆ ಸಾಕು. ಬಿಂದಿಗೆಯನ್ನು ತೋರಿಸಿ ‘ದಿ ವಾಟರ್ ಈಸ್ ಕೋಲ್ಡ್’ ಎಂದು ಬರೆಯುವುದು. ಮಕ್ಕಳನ್ನು ಶಾಲೆಯ ಕೈತೋಟಕ್ಕೆ ಕರೆದೊಯ್ದು ‘ವಾಟರ್ ದಿ ಪ್ಲಾಂಟ್ಸ್’ ಎಂದು ಹೇಳಿ ನೀರು ಹಾಕಿಸುವುದು. ಮರಳಿ ಬಂದು ‘ವಾಟರ್ ಪಾಟ್’ ಎಂದು ಬಿಂದಿಗೆಗೆ ಹೆಸರು ಹೇಳಿಸುವುದು. ಅದು ನೀರಾದದ್ದು ಯಾವಾಗ, ನೀರು ಹಾಕುವುದಾದದ್ದು ಯಾವಾಗ ಎಂದು ಕನ್ನಡದಲ್ಲೇ ಕೇಳಿದರೆ ಮಕ್ಕಳು ಉತ್ತರ ಹೇಳುತ್ತಾರೆ. ನೌನ್, ವರ್ಬ್ ಎಂಬ ಹೆಸರುಗಳನ್ನು ಮೇಷ್ಟರು ಆಮೇಲೆ, ಬೇಕಿದ್ದರೆ ಮರುದಿನ, ಹೇಳಿಕೊಡಬಹುದು.